ಮದ್ದು ಅಂದರೆ ಯಾವ ಮದ್ದು?

(ಮಂಗಳೂರಿನಲ್ಲಿ ಕೈಪಿಡಿ ಬರೆಯುವವರು, ಅನುವಾದಕರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದು. ಮಾತಿನ ಓಟವನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಒಂದೇ ಪ್ರಶ್ನೆ: "ಮದ್ದು ಬಿಟ್ಟಾಯ್ತಾ?" ಇಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿ ಆಯಿತಾ ಅಂತ. ಅದೇ ಮನೆಯಲ್ಲಿ ಸಂಜೆ ಮೊಮ್ಮಗಳು ಅಜ್ಜಿಯನ್ನು ಕೇಳುತ್ತಾಳೆ, "ಅಜ್ಜಿ, ಮದ್ದು ತಕೊಂಡ್ರಾ?" ಅದು ಬಿಪಿ ಮಾತ್ರೆ. ಒಂದೇ ಪದ, ಯಾರಿಗೂ ಗೊಂದಲ ಇಲ್ಲ. ಪೇಟೆಯ ಅಂಗಡಿಗೆ ಹೋಗಿ "ಅಡಿಕೆಗೆ ಮದ್ದು ಕೊಡಿ" ಅಂದರೆ ಅಂಗಡಿಯವರು ತಿರುಗಿ ಕೇಳುತ್ತಾರೆ: "ಎಂತ ಮದ್ದು? ಹುಳಕ್ಕಾ, ಕೊಳೆಗಾ?"

ಅದೇ ಪದವನ್ನು ಒಂದು ಬಾಟಲಿಯ ಚೀಟಿಯ ಮೇಲೆ ಹಾಕಿ ನೋಡಿ. "ಈ ಮದ್ದನ್ನು ತಂಪಾದ ಜಾಗದಲ್ಲಿಡಿ." ಬರೆದವರು ಪಕ್ಕದಲ್ಲಿಲ್ಲ. ತಿರುಗಿ ಕೇಳುವ ಅಂಗಡಿಯವರೂ ಇಲ್ಲ. ಬಾಟಲಿ ಫ್ರಿಜ್ಜಿಗೆ ಹೋದರೆ ತಪ್ಪು ಯಾರದ್ದು? "ಶಿಲೀಂಧ್ರನಾಶಕ" ಅಂತ ಬರೆದಿದ್ದರೆ ಓದುವವರಿಗೆ ನಾಲಗೆ ತೊಡರುತ್ತಿತ್ತು, ನಿಜ. ಆದರೆ ಅದನ್ನು ಬಿಪಿ ಮಾತ್ರೆಯ ಪಕ್ಕ ಯಾರೂ ಇಡುತ್ತಿರಲಿಲ್ಲ.

ತಾಂತ್ರಿಕ ಬರವಣಿಗೆ ಕಲಿಸುವ ಕಡೆಯಲ್ಲೆಲ್ಲ ಮೊದಲು ಹೇಳುವ ಮಾತು, "ಗೊತ್ತಿರುವ ಪದ ಬಳಸಿ." ನಾನೂ ಅದನ್ನೇ ಹೇಳುತ್ತೇನೆ, ಹತ್ತರಲ್ಲಿ ಒಂಬತ್ತು ಸಲ. ಇವತ್ತು ಮಾತಾಡಬೇಕು ಅಂತಿರುವುದು ಆ ಹತ್ತನೆಯದರ ಬಗ್ಗೆ. ಗೊತ್ತಿಲ್ಲದ ಪದ ಬಂದಾಗ ಓದುಗ ನಿಲ್ಲುತ್ತಾನೆ. ಬೈಯ್ಯುತ್ತಾನೆ, ಯಾರನ್ನಾದರೂ ಕೇಳುತ್ತಾನೆ, ಇಲ್ಲ ಕಾಗದ ಮಡಚಿಡುತ್ತಾನೆ. ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದಿದ್ದರೆ ಅವನು ನಿಲ್ಲುವುದೇ ಇಲ್ಲ. ಅರ್ಥ ಆಯಿತು ಅಂದುಕೊಂಡು ಮುಂದೆ ಹೋಗಿ ಸ್ವಿಚ್ ಹಾಕುತ್ತಾನೆ. ಎರಡೂ ಬರೆದವರ ತಪ್ಪೇ. ಆದರೆ ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಎರಡನೆಯದು ಮೋಟಾರ್ ಸುಟ್ಟ ಮೇಲೆ ಗೊತ್ತಾಗುತ್ತದೆ.

ಬೋರ್ಡೋ ದ್ರಾವಣವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮಾಡುವ ವಿಧಾನ ಗೊತ್ತಿಲ್ಲದವರಿಗೆ ಹೇಳುತ್ತೇನೆ. 1 ಕೆಜಿ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಬೇರೆ ಪಾತ್ರೆಯಲ್ಲಿ 1 ಕೆಜಿ ಸುಣ್ಣವನ್ನು 50 ಲೀಟರ್ ನೀರಿಗೆ ಹಾಕಿ ಚೆನ್ನಾಗಿ ಕಲಸಬೇಕು. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಅಷ್ಟೇ. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಪಾಕ ಇದು. ಈಗ ನಮ್ಮ ಕಡೆಯ ತೋಟಗಳಲ್ಲಿ ಇದನ್ನು ಕಣ್ಣು ಮುಚ್ಚಿ ಮಾಡುವವರಿದ್ದಾರೆ.

ಇಲ್ಲಿ "ಮೈಲುತುತ್ತು" ಅನ್ನುವ ಪದ ಇದೆಯಲ್ಲ, ಅದು ಬರೆಯುವವರಿಗೆ ವರ. ರೈತರಿಗೂ ಗೊತ್ತು, ಅಂಗಡಿಯಲ್ಲೂ ಗೊತ್ತು, ಅದಕ್ಕೆ ಬೇರೆ ಅರ್ಥ ಇಲ್ಲ. "ತಾಮ್ರದ ಸಲ್ಫೇಟ್" ಅಂತ ಬರೆದರೆ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಸಿಗಬಹುದು, ತೋಟದಲ್ಲಿ ಏನೂ ಜಾಸ್ತಿ ಸಿಗುವುದಿಲ್ಲ. ಹಳೆಯ ಪದ, ಮನೆಮಾತಿನ ಪದ, ಆದರೂ ನಿಖರ. ಇಂಥದ್ದು ಸಿಕ್ಕಿದರೆ ಎರಡು ಸಲ ಯೋಚಿಸದೆ ಹಾಕಿಬಿಡಿ.

ಪಕ್ಕದಲ್ಲೇ ಇರುವ "ಸುಣ್ಣ" ನೋಡಿ. ಅದಕ್ಕಿಂತ ಪರಿಚಯದ ಪದ ಬೇಕಾ? ವೀಳ್ಯದೆಲೆಗೆ ಹಚ್ಚುವುದು ಸುಣ್ಣ, ಗೋಡೆಗೆ ಬಳಿಯುವುದು ಸುಣ್ಣ, ಚಿಪ್ಪು ಸುಟ್ಟು ಮಾಡುವುದು ಸುಣ್ಣ. ಮಣ್ಣಿನ ಹುಳಿ ಕಡಿಮೆ ಮಾಡಲು ತೋಟಕ್ಕೆ ಎರಚುವ ಪುಡಿಯೂ ಸುಣ್ಣವೇ. ಈ ಕೊನೆಯದು ಹೆಚ್ಚಾಗಿ ಸುಡದ ಸುಣ್ಣದ ಕಲ್ಲಿನ ಪುಡಿ. ಅದನ್ನು ಹಾಕಿದರೆ ಬೋರ್ಡೋ ದ್ರಾವಣ ಸರಿಯಾಗಿ ಆಗುವುದೇ ಇಲ್ಲ. ಬೇಕಾದ್ದು ಸುಟ್ಟ ಸುಣ್ಣ, ನೀರು ಹಾಕಿದರೆ ಬಿಸಿಯಾಗಿ ಅರಳುವಂಥದ್ದು. ಅಂದರೆ ಕಾಗದದಲ್ಲಿ ಬರೀ "ಸುಣ್ಣ" ಅಂತ ಇದ್ದರೆ ಸಾಲದು. "ಸುಟ್ಟ ಸುಣ್ಣ (ನೀರು ಹಾಕಿದರೆ ಬಿಸಿಯಾಗುವುದು). ತೋಟಕ್ಕೆ ಎರಚುವ ಸುಣ್ಣದ ಪುಡಿ ಬೇಡ" ಅಂತ ಇರಬೇಕು. ಉದ್ದ ಆಯಿತು ಅಂತ ಯಾರಾದರೂ ಕತ್ತರಿಸಲು ಬಂದರೆ ಬಿಡಬೇಡಿ.

ಇನ್ನು "ಶೇಕಡಾ 1ರ ದ್ರಾವಣ" ಅನ್ನುವುದು. ಶೇಕಡಾ ಎಲ್ಲರೂ ಶಾಲೆಯಲ್ಲಿ ಕಲಿತದ್ದೇ. ಆದರೆ ಡ್ರಮ್ಮಿನ ಮುಂದೆ ನಿಂತವರಿಗೆ ಅದರಿಂದ ಕೈ ಓಡುವುದಿಲ್ಲ. ಅವರ ಡ್ರಮ್ಮು 200 ಲೀಟರಿನದ್ದು. "200 ಲೀಟರ್ ಡ್ರಮ್ಮಿಗೆ ಮೈಲುತುತ್ತು 2 ಕೆಜಿ, ಸುಟ್ಟ ಸುಣ್ಣ 2 ಕೆಜಿ" ಅಂದರೆ ಮುಗಿಯಿತು.

ದ್ರಾವಣ ಹದವಾಗಿದೆಯಾ ಅಂತ ನೋಡುವ ಹಂತ ನನಗೆ ತುಂಬ ಇಷ್ಟ. ಪುಸ್ತಕದಲ್ಲಿ "ದ್ರಾವಣವು ತಟಸ್ಥವಾಗಿರಬೇಕು" ಅಂತ ಇರುತ್ತದೆ. ತಟಸ್ಥ ಗೊತ್ತಿರುವ ಪದವೇ ಅಲ್ವಾ? ದಿನಾ ಪೇಪರಿನಲ್ಲಿ ಬರುತ್ತದೆ, ಯಾವುದೋ ಪಕ್ಷ ತಟಸ್ಥ ಅಂತ. ಡ್ರಮ್ಮಿನೊಳಗಿನ ನೀಲಿ ನೀರು ತಟಸ್ಥವಾಗುವುದು ಹೇಗೆ? ರೈತರು ಮಾಡುವ ಪರೀಕ್ಷೆ ಬೇರೆ. ಮಸೆದು ಹೊಳೆಯುವ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯುತ್ತಾರೆ. ಕತ್ತಿಯ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಮೈಲುತುತ್ತು ಜಾಸ್ತಿ ಆಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಕತ್ತಿ ಹಾಗೇ ಇದ್ದರೆ ಸರಿ. "ಪಿಎಚ್ 7" (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ ಅನ್ನುವ ಅಳತೆ) ಅಂತ ಬರೆಯುವುದಾದರೆ ಬರೆಯಿರಿ, ಪಿಎಚ್ ಕಾಗದ ಇಟ್ಟುಕೊಂಡವರೂ ಈಗ ಇದ್ದಾರೆ. ಅದು ಅಪರಿಚಿತ, ಆದರೆ ಮೋಸ ಮಾಡುವುದಿಲ್ಲ. ಕತ್ತಿಯ ಪರೀಕ್ಷೆಯೂ ಮೋಸ ಮಾಡುವುದಿಲ್ಲ. ಇವೆರಡರ ನಡುವೆ ಕೂತಿರುವ "ತಟಸ್ಥ" ಯಾರಿಗೂ ಪ್ರಯೋಜನ ಇಲ್ಲ.

ಇಷ್ಟೇ ಪಾಕವನ್ನು ಕಚೇರಿ ಕನ್ನಡದಲ್ಲಿ ಬರೆದರೆ ಹೇಗಿರುತ್ತದೆ ಅಂತಲೂ ನೋಡಿ: "ಸದರಿ ದ್ರಾವಣದ ತಯಾರಿಕೆಯಲ್ಲಿ ಲೋಹದ ಪಾತ್ರೆಗಳ ಬಳಕೆಯನ್ನು ವರ್ಜಿಸತಕ್ಕದ್ದು." ನಗು ಬರುವುದು "ವರ್ಜಿಸತಕ್ಕದ್ದು" ನೋಡಿ. ಆದರೆ ನಿಜವಾದ ತಪ್ಪು ಇರುವುದು "ಲೋಹ"ದಲ್ಲಿ. ತಾಮ್ರದ ಪಾತ್ರೆ ನಡೆಯುತ್ತದೆ. ಆಗದಿರುವುದು ಕಬ್ಬಿಣ, ತಗಡು. "ಕಬ್ಬಿಣದ ಡ್ರಮ್, ತಗಡಿನ ಬಕೆಟ್ ಬಳಸಬೇಡಿ. ಪ್ಲಾಸ್ಟಿಕ್ ಆಗುತ್ತದೆ." ಕಷ್ಟದ ಪದಗಳನ್ನು ತೆಗೆದುಹಾಕಿ, ಅಗಲವಾದ ಪದವನ್ನು ಹಾಗೇ ಉಳಿಸಿದರೆ ತಿದ್ದಿದ ಹಾಗಾಗಲಿಲ್ಲ.

ತೋಟದಿಂದ ಪಂಪ್‌ಶೆಡ್ಡಿಗೆ ಬರೋಣ. "ಕರೆಂಟ್ ಉಂಟಾ?" ಅಂತ ಕೇಳದೆ ನಮ್ಮೂರಲ್ಲಿ ದಿನ ಕಳೆಯುವುದಿಲ್ಲ. ಇಲ್ಲಿ ಕರೆಂಟ್ ಅಂದರೆ ವಿದ್ಯುತ್ ಪೂರೈಕೆ. ಎಂಜಿನಿಯರಿಗೆ ಕರೆಂಟ್ ಅಂದರೆ ತಂತಿಯಲ್ಲಿ ಹರಿಯುವುದು, ಆಂಪಿಯರ್‌ನಲ್ಲಿ ಅಳೆಯುವುದು. "ಕರೆಂಟ್ ಜಾಸ್ತಿಯಾದರೆ ಮೋಟಾರ್ ನಿಲ್ಲಿಸಿ" ಅಂತ ಕೈಪಿಡಿಯಲ್ಲಿದ್ದರೆ ಓದುವವರು ವೋಲ್ಟೇಜ್ ಏರಿತು ಅಂದುಕೊಳ್ಳುತ್ತಾರೆ. ನಿಜದಲ್ಲಿ ನಮ್ಮ ಹಳ್ಳಿಗಳಲ್ಲಿ ಆಗುವುದು ಇದರ ತಿರುವುಮುರುವು. ವೋಲ್ಟೇಜ್ ಇಳಿದಾಗ, ಅದೇ ಹೊರೆ ಎಳೆಯಲು ಮೋಟಾರ್ ಜಾಸ್ತಿ ಆಂಪಿಯರ್ ಎಳೆದು ಬಿಸಿಯಾಗುತ್ತದೆ. ಹಾಗಾಗಿ "ಆಂಪಿಯರ್ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿದರೆ ನಿಲ್ಲಿಸಿ" ಅಂತ ಬರೆಯುವುದೇ ಕ್ಷೇಮ.

ವೋಲ್ಟೇಜ್ ಅನ್ನುವ ಪದಕ್ಕೆ ಪಠ್ಯಪುಸ್ತಕದಲ್ಲಿ "ವಿಭವಾಂತರ" ಇದೆ. ಭೌತಶಾಸ್ತ್ರದ ತರಗತಿಯಲ್ಲಿ ಅದು ಇರಲಿ. "ವೋಲ್ಟೇಜ್ ಇಲ್ಲ ಮಾರಾಯ್ರೆ, ಪಂಪ್ ನೀರು ಎತ್ತುದಿಲ್ಲ" ಅನ್ನುವ ಊರಲ್ಲಿ ವೋಲ್ಟೇಜೇ ಕನ್ನಡ. ಇದಕ್ಕಿಂತ ಅಪಾಯದ್ದು "ತ್ರೀ ಫೇಸ್", ಅಂದರೆ ಮೂರು ಲೈನಿನಲ್ಲಿ ಬರುವ ವಿದ್ಯುತ್ ಪೂರೈಕೆ. ಅದನ್ನು ಅಚ್ಚ ಕನ್ನಡ ಮಾಡುವ ಉತ್ಸಾಹದಲ್ಲಿ "ಮೂರು ಹಂತದ ಸಂಪರ್ಕ ನೀಡಿ" ಅಂತ ಬರೆದರೆ? ಹಂತ ಗೊತ್ತು, ಮೂರು ಗೊತ್ತು, ಸಂಪರ್ಕ ಗೊತ್ತು. ಓದುವವರು ಮೊದಲನೇ ಹಂತ, ಎರಡನೇ ಹಂತ, ಮೂರನೇ ಹಂತ ಅಂತ ಹುಡುಕುತ್ತಾ ಕೂರುತ್ತಾರೆ. ಮೂರೂ ಪದ ಸುಲಭ. ವಾಕ್ಯ ಮಾತ್ರ ಸುಳ್ಳು.

ಗೊತ್ತಿರುವ ಪದ ಅಂತೇವಲ್ಲ, ಯಾರಿಗೆ ಗೊತ್ತಿರುವುದು? ಈ ಪ್ರಶ್ನೆ ಮಂಗಳೂರಿನಲ್ಲಿ ಕೇಳುವಷ್ಟು ಬೇರೆಲ್ಲೂ ಕೇಳಬೇಕಾಗಿಲ್ಲ ಅನಿಸುತ್ತದೆ. ಈ ಸಭೆಯಲ್ಲೇ ಮನೆಯಲ್ಲಿ ತುಳು ಮಾತಾಡುವವರಿದ್ದೀರಿ, ಕೊಂಕಣಿಯವರಿದ್ದೀರಿ, ಬ್ಯಾರಿ ಭಾಷೆಯವರಿದ್ದೀರಿ, ಕುಂದಾಪ್ರ ಕನ್ನಡದವರೂ ಇರಬೇಕು. ನಮ್ಮಲ್ಲಿ ತುಂಬ ಜನ ಕನ್ನಡವನ್ನು ಶಾಲೆಯಲ್ಲಿ ಕಲಿತವರು. ಅದಕ್ಕೇ ಘಟ್ಟದ ಮೇಲಿನವರು ನಮ್ಮದು ಪುಸ್ತಕದ ಕನ್ನಡ ಅಂತ ತಮಾಷೆ ಮಾಡುವುದು. ಮಾಡಲಿ. ಆದರೆ ಬರೆಯುವವರಿಗೆ ಇದರಲ್ಲಿ ಒಂದು ಪಾಠ ಇದೆ. ಬೆಂಗಳೂರಿನಲ್ಲಿ ಕೂತು "ಆಡುಮಾತಿನಲ್ಲಿ ಬರೆಯೋಣ" ಅಂತ ಹೊರಟವರು "ಡಬ್ಬಿಯನ್ನು ಆಚೆ ಇಡಿ" ಅಂತ ಬರೆಯುತ್ತಾರೆ. ಅವರಿಗೆ ಆಚೆ ಅಂದರೆ ಮನೆಯ ಹೊರಗೆ. ನಮಗೆ ಆಚೆ ಅಂದರೆ ಆ ಬದಿಗೆ. ನಾವು ಡಬ್ಬಿಯನ್ನು ಅದೇ ಕೋಣೆಯಲ್ಲಿ ನಾಲ್ಕು ಅಡಿ ಸರಿಸಿ ಕೈ ತೊಳೆದುಕೊಳ್ಳುತ್ತೇವೆ. "ಹೊರಗೆ" ಎಂದಿದ್ದರೆ ಬೀದರಿನಿಂದ ಬಂಟ್ವಾಳದವರೆಗೆ ಎಲ್ಲರಿಗೂ ಒಂದೇ.

ತಿರುವುಮುರುವೂ ಉಂಟು. ನಮ್ಮೂರಲ್ಲಿ ಜಾಗ ತಕೊಳ್ಳುವವರು ಮೊದಲು ಕೇಳುವುದು, "ನೈನ್ ಇಲೆವೆನ್ ಆಗಿದೆಯಾ?" ಇಲ್ಲಿ ಯಾರಿಗೂ ಅಮೆರಿಕ ನೆನಪಾಗುವುದಿಲ್ಲ. ಜಾಗದ ದಾಖಲೆಯಾಗಿ ಪಂಚಾಯತು ಕೊಡುವ ನಮೂನೆ 9 ಮತ್ತು ನಮೂನೆ 11 ಅದು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಉದ್ಯೋಗಿಗೆ ಸಾಲದ ಅರ್ಜಿಯ ಟಿಪ್ಪಣಿಯಲ್ಲಿ ಬರೀ "9/11 ಲಗತ್ತಿಸಿ" ಅಂದರೆ ಪಾಪ, ತಲೆ ಕೆರೆದುಕೊಳ್ಳುವುದೇ. ಮಾತಿಗೆ ನೈನ್ ಇಲೆವೆನ್, ಬರಹಕ್ಕೆ "ನಮೂನೆ 9 ಮತ್ತು ನಮೂನೆ 11". ಮೊದಲ ಸಲ ಎರಡನ್ನೂ ಒಟ್ಟಿಗೆ ಕೊಟ್ಟುಬಿಟ್ಟರೆ ಊರವರಿಗೂ ಆಯಿತು, ಹೊರಗಿನವರಿಗೂ ಆಯಿತು.

ಈ ತಲೆನೋವು ನಮ್ಮದು ಮಾತ್ರ ಅಲ್ಲ. ವಿಮಾನ ರಿಪೇರಿ ಮಾಡುವವರಿಗೆ ಇದು ಪ್ರಾಣದ ಪ್ರಶ್ನೆ. ಕೈಪಿಡಿಗಳು ಇಂಗ್ಲಿಷಿನಲ್ಲಿ, ಓದುವ ಮೆಕ್ಯಾನಿಕ್‌ಗಳಲ್ಲಿ ಬಹಳಷ್ಟು ಜನರ ಮನೆಮಾತು ಬೇರೆ. ಯುರೋಪಿನ ವಿಮಾನ ಉದ್ಯಮದವರು 1970ರ ದಶಕದ ಕೊನೆಯಿಂದ ಇದರ ಮೇಲೆ ಕೂತು, 1986ರಲ್ಲಿ ಒಂದು ನಿಯಮಾವಳಿ ತಂದರು. ಈಗ ಅದನ್ನು ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅನ್ನುತ್ತಾರೆ. ಒಪ್ಪಿಗೆ ಇರುವ ಸಾಮಾನ್ಯ ಪದಗಳು ಸುಮಾರು 900. ಒಂದು ಪದಕ್ಕೆ ಒಂದೇ ಅರ್ಥ. "ಸ್ಟಾರ್ಟ್" ಇದೆ, ಅದೇ ಅರ್ಥದ "ಬಿಗಿನ್", "ಕಮೆನ್ಸ್" ಇಲ್ಲ. "ಕ್ಲೋಸ್" ಅಂದರೆ ಮುಚ್ಚು ಅಂತ ಮಾತ್ರ, ಹತ್ತಿರ ಅನ್ನುವ ಅರ್ಥದಲ್ಲಿ ಬಳಸುವ ಹಾಗಿಲ್ಲ. "ಫಾಲೋ" ಅಂದರೆ ಹಿಂದಿನಿಂದ ಬರುವುದು ಮಾತ್ರ. ಸೂಚನೆಗಳನ್ನು ಫಾಲೋ ಮಾಡಿ ಅನ್ನುವ ಹಾಗಿಲ್ಲ, ಅಲ್ಲಿಗೆ "ಒಬೇ" ಬರಬೇಕು. ಇಂಗ್ಲಿಷ್ ಮನೆಮಾತಿನವರಿಗೆ ಇದು ವಿಚಿತ್ರ ಅನಿಸುತ್ತದೆ. ನಿಯಮ ಮಾಡಿದ್ದು ಅವರ ಕಿವಿಗೋಸ್ಕರ ಅಲ್ಲವಲ್ಲ.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ಇಷ್ಟು ಬಿಗಿಯಾದ ನಿಯಮಾವಳಿಯಲ್ಲೂ ಬಿಡಿಭಾಗಗಳ, ಉಪಕರಣಗಳ ಹೆಸರಿಗೆ ಆ 900ರ ಮಿತಿ ಇಲ್ಲ. ಎಷ್ಟೇ ಅಪರೂಪದ ಹೆಸರಾದರೂ ಸರಿ, ಅದು ಆ ವಸ್ತುವಿನ ಹೆಸರಾಗಿದ್ದರೆ ಬಳಸಿ ಅನ್ನುತ್ತದೆ. ಅಂದರೆ ಏನು ಮಾಡಬೇಕು ಅನ್ನುವುದಕ್ಕೆ ಪಳಗಿದ ಪದ. ಯಾವುದಕ್ಕೆ ಮಾಡಬೇಕು ಅನ್ನುವಲ್ಲಿ ಆ ವಸ್ತುವಿನ ಸ್ವಂತ ಹೆಸರು, ಕಷ್ಟ ಇದ್ದರೂ. ಕನ್ನಡದಲ್ಲಿ ನಾವು ಹೆಚ್ಚಾಗಿ ಉಲ್ಟಾ ಮಾಡುತ್ತೇವೆ. "ತಿರುಗಿಸಿ" ಅನ್ನುವಲ್ಲಿ "ಪರಿಭ್ರಮಿಸಿ" ಅಂತ ಬರೆದು, "ಕೆಪಾಸಿಟರ್" ಅನ್ನುವಲ್ಲಿ "ಒಳಗಿನ ಉರುಟು ಡಬ್ಬಿ" ಅನ್ನುತ್ತೇವೆ.

ಪಣಂಬೂರು ಕಡೆಯಿಂದ ಶಿರಾಡಿ ಘಾಟಿಗೆ ಹೋಗುವ ಗ್ಯಾಸ್ ಟ್ಯಾಂಕರುಗಳ ಹಿಂದೆ ಸಿಕ್ಕಿಬೀಳದವರು ಇಲ್ಲಿ ಯಾರಿದ್ದಾರೆ? ಅಂಥ ಟ್ಯಾಂಕರುಗಳ ಮೇಲೆ "ಇನ್‌ಫ್ಲೇಮಬಲ್" ಅನ್ನುವ ಪದ ಓದಿರುತ್ತೀರಿ. ಬೇಗ ಬೆಂಕಿ ಹತ್ತುವಂಥದ್ದು ಅಂತ ಅರ್ಥ. ಇಂಗ್ಲಿಷಿನಲ್ಲಿ ಮುಂದೆ "ಇನ್" ಬಂದರೆ ಎಷ್ಟೋ ಸಲ "ಅಲ್ಲ" ಅಂತ ಆಗುತ್ತದೆ. ಹಾಗಾಗಿ ಬೆಂಕಿ ಹತ್ತದ್ದು ಅಂತ ತಪ್ಪು ಓದುವ ಭಯ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯವರು 1920ರ ದಶಕದಲ್ಲೇ "ಫ್ಲೇಮಬಲ್" ಬಳಸಿ ಅಂತ ಒತ್ತಾಯ ಶುರು ಮಾಡಿದರು. ಪಂಡಿತರು ಹಳೆಯದೇ ಶುದ್ಧ ಅಂದರು. ಶುದ್ಧವೇ, ಯಾರು ಇಲ್ಲ ಅಂದದ್ದು? ಕನ್ನಡದಲ್ಲಿ ನಮಗೆ ಈ ಕಷ್ಟ ಇಲ್ಲ. "ಬೇಗ ಬೆಂಕಿ ಹತ್ತುತ್ತದೆ" ಅಂದರೆ ಎಲ್ಲಿಯವರಿಗೂ ಅದೇ ಅರ್ಥ. ಹಾಗಿದ್ದೂ "ದಹನಶೀಲ" ಯಾಕೆ ಬರೆಯುತ್ತೇವೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದು ಪದ ಮತ್ತೆ ಮತ್ತೆ ಬಂದರೆ ಮಾಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಹಾಕುತ್ತಿದ್ದರು. ಆ ಗೆರೆ ನಮ್ಮ ಬೆನ್ನು ಬಿಟ್ಟಿಲ್ಲ. ಒಂದೇ ಕೈಪಿಡಿಯಲ್ಲಿ ಮೊದಲ ಪುಟದಲ್ಲಿ "ಗುಂಡಿ", ಎರಡನೆಯದರಲ್ಲಿ "ಬಟನ್", ಮೂರನೆಯದರಲ್ಲಿ "ಒತ್ತುಗುಂಡಿ", ಕೊನೆಗೆ "ಕೀಲಿ". ಓದುವವರು ನಾಲ್ಕು ಬೇರೆ ಬೇರೆ ವಸ್ತು ಹುಡುಕುತ್ತಾರೆ, ಯಂತ್ರದ ಮೇಲೆ ಇರುವುದು ಒಂದೇ. ಬಟನ್ ಅಂದರೆ ಕೊನೆಯ ಪುಟದವರೆಗೂ ಬಟನ್. ಬೋರ್ ಹೊಡೆಯುತ್ತದೆ ಅಂತ ಯಾರೂ ಪಂಪಿನ ಕೈಪಿಡಿ ಬದಿಗಿಡುವುದಿಲ್ಲ.

ಯಂತ್ರದ ಮೇಲೆ ಅಚ್ಚಾಗಿರುವ ಪದದ ವಿಷಯವೂ ಇದೇ. ಇನ್ವರ್ಟರಿನ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ "ಬೈಪಾಸ್" ಅಂತ ಇದೆ. ಕೈಪಿಡಿಯಲ್ಲಿ "ಉಪಮಾರ್ಗ ಸ್ವಿಚ್ ಹಾಕಿ" ಅಂತ ಇದ್ದರೆ ಯಾರು ಹುಡುಕಿಕೊಡುವುದು? ಅಚ್ಚಾದ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಅದು ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಹೇಳಿ.

ಇನ್ನೊಂದು ಪದ ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟು ಪರಿಚಯದ್ದು: "ಬಹುದು". "ಹಸಿರು ದೀಪ ಬಂದ ಮೇಲೆ ಮುಚ್ಚಳ ತೆಗೆಯಬಹುದು." ಇದು ಅನುಮತಿ. "ಮುಚ್ಚಳ ತೆಗೆದರೆ ಬಿಸಿ ಹಬೆ ಬರಬಹುದು." ಇದು ಸಾಧ್ಯತೆ. "ಕೆಂಪು ದೀಪ ಬಂದರೆ ಯಂತ್ರವನ್ನು ನಿಲ್ಲಿಸಬಹುದು." ಇದು ಯಾವುದು? ನಿಲ್ಲಿಸಲೇಬೇಕಾ, ಬೇಕಿದ್ದರೆ ಮಾತ್ರವಾ? ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ಬರೆಯುವವರು 1997ರಲ್ಲಿ ಇದಕ್ಕೇ ಅಂತ ಒಂದು ಚಿಕ್ಕ ದಾಖಲೆ ಮಾಡಿದರು. ಮಸ್ಟ್ ಅಂದರೆ ಇಷ್ಟು, ಶುಡ್ ಅಂದರೆ ಇಷ್ಟು, ಮೇ ಅಂದರೆ ಇಷ್ಟು ಅಂತ. ಮಕ್ಕಳಿಗೂ ಗೊತ್ತಿರುವ ಪದಗಳಿಗೆ ಅರ್ಥ ಕಟ್ಟಿಡಬೇಕಾಗಿ ಬಂತು! ನಮ್ಮ ಕಾನೂನಿನ ಕನ್ನಡದಲ್ಲಿ "ತಕ್ಕದ್ದು" ಈ ಕೆಲಸ ಮಾಡುತ್ತದೆ. ಆದರೆ ಮಿಕ್ಸಿಯ ಕೈಪಿಡಿಗೆ ಅದನ್ನು ತಂದರೆ ಮಿಕ್ಸಿ ಕೋರ್ಟಿಗೆ ಬಂದ ಹಾಗಿರುತ್ತದೆ. ನಾನು ಮಾಡುವುದು ಇಷ್ಟೇ: ಕಡ್ಡಾಯವಾದರೆ "ನಿಲ್ಲಿಸಿ". ಐಚ್ಛಿಕವಾದರೆ "ಬೇಕಿದ್ದರೆ ನಿಲ್ಲಿಸಿ". ಸಾಧ್ಯತೆಗೆ ಮಾತ್ರ "ಬಹುದು".

ಸಾಫ್ಟ್‌ವೇರ್ ಕಲಿಯುತ್ತಿರುವವರು ಬಹಳ ಹೊತ್ತಿನಿಂದ ಕಾಯುತ್ತಿದ್ದೀರಿ, ಅವರಿಗೊಂದು. "ಐಡೆಂಪೊಟೆಂಟ್" ಅನ್ನುವ ಪದ ನಿಮಗೆ ಬಂದಿರುತ್ತದೆ. 1870ರಲ್ಲಿ ಬೆಂಜಮಿನ್ ಪೀರ್ಸ್ ಅನ್ನುವ ಗಣಿತಜ್ಞ ಕಟ್ಟಿದ ಪದ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಒಂದೇ ಕೋರಿಕೆಯನ್ನು ಎಷ್ಟು ಸಲ ಕಳಿಸಿದರೂ ಸರ್ವರಿನಲ್ಲಿ ಆಗುವ ಪರಿಣಾಮ ಒಂದು ಸಲ ಕಳಿಸಿದಷ್ಟೇ ಅಂತ ಅರ್ಥ. ಪ್ರೋಗ್ರಾಮರ್‌ಗಳಿಗೆ ಬರೆಯುವಾಗ ಈ ಅಪರೂಪದ ಪದವೇ ಇರಲಿ, ಜೊತೆಗೆ ಒಂದು ವಾಕ್ಯದ ವಿವರಣೆ ಸಾಕು. ಅದನ್ನು ತೆಗೆದು "ಸುರಕ್ಷಿತ" ಅಂತ ಹಾಕಿದರೆ ಕೆಟ್ಟಿತು. ಸುರಕ್ಷಿತ ಅಂದರೆ ಗುಟ್ಟು ಸೋರುವುದಿಲ್ಲ ಅಂತಲಾ, ದುಡ್ಡು ಎರಡು ಸಲ ಕಟ್ ಆಗುವುದಿಲ್ಲ ಅಂತಲಾ? ಅದೇ ವಿಷಯವನ್ನು ಮೀನು ಮಾರ್ಕೆಟ್ಟಿನಲ್ಲಿ ಮೊಬೈಲಿನಿಂದ ದುಡ್ಡು ಕಳಿಸುವವರಿಗೆ ಹೇಳಬೇಕಾದರೆ ಪದವೇ ಬೇಡ. "ಮತ್ತೆ ಒತ್ತಿದರೂ ದುಡ್ಡು ಒಂದೇ ಸಲ ಹೋಗುತ್ತದೆ" ಸಾಕು.

ಮಾತು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು: "ಹೀಗೆ ವೋಲ್ಟೇಜ್, ಬಟನ್, ಬೈಪಾಸ್ ಅಂತಲೇ ಬರೆದರೆ ಕನ್ನಡ ಬೆಳೆಯುವುದು ಹೇಗೆ ಸಾರ್?"

ಒಳ್ಳೆಯ ಪ್ರಶ್ನೆ, ಕೋಪವೂ ನ್ಯಾಯದ್ದೇ. "ತಂತ್ರಾಂಶ", "ಜಾಲತಾಣ", "ಕೀಲಿಮಣೆ" ಎಲ್ಲ ಪತ್ರಿಕೆ, ಪಠ್ಯ, ಭಾಷಣಗಳಲ್ಲಿ ಓಡಾಡಿ ಪಳಗಿದವು. ಅಲ್ಲಿ ಓದುಗರಿಗೆ ಪುರುಸೊತ್ತು ಉಂಟು. ಹೊಸ ಪದಗಳನ್ನು ಅಲ್ಲಿ ಧಾರಾಳವಾಗಿ ಬಿತ್ತಿ. ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದವರ ಮೇಲೆ ಪ್ರಯೋಗ ಬೇಡ ಅನ್ನುವುದಷ್ಟೇ ನನ್ನ ವಾದ. ಇನ್ನೊಂದು ಸಂಗತಿಯನ್ನೂ ಹೇಳಿದೆ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ಅದನ್ನು "ಕೊಳೆರೋಗ" ಅಂತಲೇ ಕರೆದರು. ಕಾಫಿಗೆ ಬರುವ ಕೊಳೆಯ ಶಿಲೀಂಧ್ರದ ವೈಜ್ಞಾನಿಕ ಹೆಸರಿನೊಳಗೂ "ಕೊಳೆರೋಗ" ಸೇರಿಕೊಂಡಿತು. ಆ ಪದವನ್ನು ಯಾರೂ ಕೂತು ಕಟ್ಟಿದ್ದಲ್ಲ. ತೋಟದಲ್ಲಿ ಇತ್ತು, ನಿಖರವಾಗಿತ್ತು, ಬಂದವರು ಎತ್ತಿಕೊಂಡರು.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಒಂದು ಪದ ನಡೆಯುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಹೇಗೆ?

ಬರೆದ ಕಾಗದವನ್ನು ಆ ಕೆಲಸ ಮಾಡಬೇಕಾದವರ ಕೈಗೆ ಕೊಡಿ, ಎದುರಿಗೆ ಯಂತ್ರವನ್ನೂ ಇಡಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಆಯ್ತು ಅನ್ನುತ್ತಾರೆ. ಸುಮ್ನೆ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ತಡವರಿಸಿ ನಿಂತರೆ ಪದ ಕಷ್ಟವಾಗಿದೆ, ವಿವರಣೆ ಸೇರಿಸಿ. ತಡವರಿಸದೆ ತಪ್ಪು ಕಡೆ ಹೋದರೆ ಆ ಪದವನ್ನೇ ಕಿತ್ತುಹಾಕಿ. ಇದಕ್ಕೆ ದೊಡ್ಡ ಗುಂಪು ಬೇಡ. ಮನೆಯಲ್ಲಿ ತುಳು ಮಾತಾಡುವವರೊಬ್ಬರು, ಘಟ್ಟದ ಮೇಲಿನವರೊಬ್ಬರು, ಆ ಯಂತ್ರವನ್ನು ಹಿಂದೆ ಮುಟ್ಟದವರೊಬ್ಬರು ಇದ್ದರೆ ಆಗುತ್ತದೆ. ಯಂತ್ರ ಮಾಡಿದ ಎಂಜಿನಿಯರನ್ನು ಮಾತ್ರ ಆ ಹೊತ್ತಿಗೆ ಚಾ ಕುಡಿಯ್ಲಿಕ್ಕೆ ಕಳಿಸಿ. ಅಲ್ಲೇ ನಿಂತಿದ್ದರೆ ಬಾಯಿ ಸುಮ್ಮನಿರುವುದಿಲ್ಲ, ಉತ್ತರ ಹೇಳಿಕೊಟ್ಟುಬಿಡುತ್ತಾರೆ.